ಒತ್ತಿದ್ದೆಲ್ಲಿ, ಬಿಟ್ಟಿದ್ದೆಲ್ಲಿ

ಫೆಬ್ರವರಿ 3, ಸೋಮವಾರ

ಬರೆಯುವ ಅಭ್ಯಾಸ ನನಗಿಲ್ಲ. ಮಾತಾಡುವ ಅಭ್ಯಾಸವೂ ಇಲ್ಲ. ಥೆರಪಿ ಮೇಡಂ ಹೇಳಿದರು, "ಮನೇಲಿ ನೋಡ್ಕೊಳ್ಳೋರು ದಿನಾ ಒಂದೆರಡು ಸಾಲು ಬರೀಬೇಕು ಸರ್, ಇಲ್ಲದಿದ್ರೆ ಎಲ್ಲಾ ಒಳಗೇ ಕೊಳೆಯುತ್ತೆ." ಕೊಳೆಯುವುದಕ್ಕೆ ನಾನೇನು ತರಕಾರಿಯೇ? ಆದರೂ ಬರೆಯುತ್ತಿದ್ದೇನೆ. ಬೇರೆ ಯಾರ ಹತ್ತಿರವೂ ಹೇಳಿಕೊಳ್ಳುವವನಲ್ಲ ನಾನು. ಕೆದಕಿ ಕೆದಕಿ ಬಾಯಿ ಬಿಡಿಸುತ್ತಿದ್ದ ಹೆಂಡತಿ ಮಂಚ ಹಿಡಿದಿದ್ದಾಳೆ.

ಇವಳಿಗೆ ಲಕ್ವ ಹೊಡೆದದ್ದು ಡಿಸೆಂಬರಿನಲ್ಲಿ, ಕೆಲಸದಲ್ಲಿದ್ದಾಗಲೇ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಮೈಕ್ ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೂಗಿ ಹೇಳುವುದು ಇವಳ ನೌಕರಿ. ಅವತ್ತು ಅರ್ಧ ವಾಕ್ಯದಲ್ಲಿ ನಿಂತುಬಿಟ್ಟಳಂತೆ. ಪ್ರಯಾಣಿಕರು ಮೈಕ್ ಕೆಟ್ಟಿತು ಅಂದುಕೊಂಡರಂತೆ. ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತು ಹೋಗಿ "ಆ" ಎನ್ನುವ ಸದ್ದೊಂದು ಉಳಿದಿದೆ. ತಲೆಯಾಡಿಸುತ್ತಾಳೆ, ಆದರೆ ಹೌದಿಗೂ ಇಲ್ಲಕ್ಕೂ ಒಂದೇ ಥರ ಆಡಿಸುತ್ತಾಳೆ. ಅದನ್ನು ನೆಚ್ಚಿಕೊಳ್ಳಬೇಡಿ ಎಂದಿದ್ದಾರೆ ಮೇಡಂ. ಎಡಗೈ ಉಳಿದಿದೆ, ಅದೂ ಅರ್ಧಂಬರ್ಧ. ಗಾಳಿಯಲ್ಲಿ ಎತ್ತಿದರೆ ಗಡಗಡ ನಡುಗುತ್ತದೆ, ಹಾಗಾಗಿ ಬೆರಳು ತೋರಿಸಿ ಇದು ಬೇಕು ಎನ್ನುವಂತಿಲ್ಲ. ಮೇಜಿನ ಮೇಲೆ ಊರಿದರೆ ಮಾತ್ರ ಸ್ವಲ್ಪ ನಿಲ್ಲುತ್ತದೆ.

ಮೇಡಂ ಇವತ್ತು ಇನ್ನೊಂದು ಮಾತು ಹೇಳಿದರು. ತಿಂಗಳ ಕೊನೆಗೆ ಒಂದು ಪರೀಕ್ಷೆ ಮಾಡುತ್ತಾರೆ. ನಾವಾಡುವುದು ಇವಳಿಗೆ ಅರ್ಥವಾಗುತ್ತಿದೆ ಎಂದು ಗೊತ್ತಾದರೆ ಥೆರಪಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಆ ಜಾಗ ಬೇರೆ ರೋಗಿಗೆ. ಇವಳಕ್ಕ ಆಗಲೇ ತಮ್ಮೂರಿನ ಹತ್ತಿರ ಒಂದು ಆರೈಕೆ ಕೇಂದ್ರ ನೋಡಿಟ್ಟಿದ್ದಾರೆ. ಅಲ್ಲಿಗೆ ಹೋದವರು ವಾಪಸ್ ಬರುವುದು ಕಡಿಮೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೇ.

ಫೆಬ್ರವರಿ 5, ಬುಧವಾರ

ಅರ್ಧ ದಿನ ರಜೆ ಹಾಕಿ ಒಂದು ಪುಟ ಕಟ್ಟಿದೆ. ನನ್ನ ಕಸುಬು ವೆಬ್ ಪುಟ ಬರೆಯುವುದು. ಹೆಂಡತಿಗೆ ಮಾತು ಹೋದಾಗ ನನ್ನ ಕೈಲಾಗುವುದು ಅದೊಂದೇ. ಅಡುಗೆಗೆ ಇಳಿದರೆ ತಿನ್ನುವವರಿಗೆ ಕಷ್ಟ.

ಪುಟದ ತುಂಬ ಒಂದು ಟೇಬಲ್. ಮೂರು ಸಾಲು, ಸಾಲಿಗೆ ನಾಲ್ಕು ಚೌಕ. ನೀರು, ಊಟ, ನೋವು, ಬಚ್ಚಲು. ಚಳಿ, ಸೆಕೆ, ನಿದ್ದೆ, ಬೆಳಕು. ಕೊನೆಯ ಸಾಲಿನಲ್ಲಿ ಹೌದು, ಗೊತ್ತಿಲ್ಲ, ಇನ್ನೊಮ್ಮೆ ಹೇಳಿ, ಬೇಡ. ಒಂದೊಂದಕ್ಕೂ ಒಂದು ಚಿತ್ರ. ಚಿತ್ರ ಬರೆದವಳು ಗುಬ್ಬಿ, ನನ್ನ ಮಗಳು. ಕಾಲೇಜಿನ ಕೊನೆಯ ವರ್ಷ, ಮಾತಿನಲ್ಲಿ ಅಮ್ಮನದೇ ಪಡಿಯಚ್ಚು. ಲ್ಯಾಪ್‌ಟಾಪನ್ನು ಮಂಚದ ಅಡ್ಡಮೇಜಿನ ಮೇಲಿಟ್ಟು, ಇವಳ ಎಡಗೈ ಕೆಳಗೆ ಮೌಸ್ ಕೂರಿಸುವುದು. ಪರದೆಯ ಮೇಲಿನ ಬಾಣವನ್ನು ಚೌಕಕ್ಕೆ ಒಯ್ದು ಒತ್ತಿದರೆ ಪುಟ ಆ ಮಾತನ್ನು ಆಡುತ್ತದೆ.

ಕ್ಲಿಕ್ಕು ಬಂತೇ ಎಂದು ಕಾಯುವ ಕೋಡಿನ ತುಣುಕನ್ನು ನಾನು ಕಾವಲುಗಾರ ಎನ್ನುತ್ತೇನೆ. ಪ್ರತಿ ಚೌಕಕ್ಕೂ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸುವುದು ಹೊಸಬರ ಕೆಲಸ. ನಾನು ಇಡೀ ಟೇಬಲ್ಲಿಗೆ ಒಬ್ಬನನ್ನೇ ನಿಲ್ಲಿಸುತ್ತೇನೆ. ಚೌಕದ ಮೇಲೆ ಬಿದ್ದ ಕ್ಲಿಕ್ಕು ಅಲ್ಲೇ ನಿಲ್ಲುವುದಿಲ್ಲ, ಸಾಲಿಗೆ ಏರುತ್ತದೆ, ಸಾಲಿನಿಂದ ಟೇಬಲ್ಲಿಗೆ ಏರುತ್ತದೆ. ಕಾವಲುಗಾರ ಮೇಲೆ ನಿಂತು ಕೇಳುತ್ತಾನೆ: ಎಲ್ಲಿಂದ ಬಂದೆ? ಇಂಥ ಚೌಕದಿಂದ ಎಂದರೆ ಒಳಗೆ ಬಿಡುತ್ತಾನೆ, ಪುಟ ಮಾತಾಡುತ್ತದೆ. ಚೌಕದ ಹೆಸರು ಹೇಳದಿದ್ದರೆ ಬಂದ ದಾರಿಗೆ ಸುಂಕವಿಲ್ಲ, ವಾಪಸ್. ಆಫೀಸಿನಲ್ಲಿ ಸಿನಿಮಾ ಮಂದಿರದ ಸೀಟು ಕಾಯ್ದಿರಿಸುವ ಪುಟಕ್ಕೆ ಬರೆದದ್ದನ್ನೇ ಎತ್ತಿ ಇಲ್ಲಿ ಕೂರಿಸಿದೆ. ಅಚ್ಚುಕಟ್ಟಾದ ಕೆಲಸ. ನಾನೇ ಮೆಚ್ಚಿಕೊಂಡೆ, ಬೇರೆ ಯಾರು ಮೆಚ್ಚಬೇಕು?

ಫೆಬ್ರವರಿ 8, ಶನಿವಾರ

ಯಂತ್ರದ ಧ್ವನಿ ಕೇಳಲಾಗಲಿಲ್ಲ, ನೆಗಡಿ ಆದವನು ಪಾಠ ಒಪ್ಪಿಸಿದ ಹಾಗೆ. ಹನ್ನೆರಡು ಮಾತನ್ನೂ ನಾನೇ ಓದಿ ರೆಕಾರ್ಡ್ ಮಾಡಿದೆ. ಗುಬ್ಬಿ ಕೇಳಿ ನಕ್ಕಳು. "ಅಪ್ಪ, ನೀನು ಒಂದೇ ದಿನ ಇಷ್ಟು ಮಾತಾಡಿದ್ದು ಇದೇ ಮೊದಲು."

ಬೆಳಿಗ್ಗೆ ಇವಳನ್ನು ಒರಗಿಸಿ ಕೂರಿಸಿ ಪುಟ ತೆರೆದಿಟ್ಟೆ. ಮೌಸ್ ಆಡಿಸುವುದು ಇವಳಿಗೆ ಗೊತ್ತು, ಕೌಂಟರಿನಲ್ಲಿ ದಿನವೂ ಆಡಿಸುತ್ತಿದ್ದಳು. ಬಾಣ ನಿಧಾನವಾಗಿ ತೆವಳಿಕೊಂಡು ನೀರಿನ ಚೌಕಕ್ಕೆ ಬಂತು. ಬಂದು ನಿಂತಿತು. ಒಂದಿಷ್ಟು ಹೊತ್ತು ನಿಂತು ಪಕ್ಕಕ್ಕೆ ಜಾರಿ ಟೇಬಲ್ಲಿನ ಆಚೆಗೆ ಹೋಯಿತು. ಪುಟ ಸುಮ್ಮನಿತ್ತು.

"ಒತ್ತು," ಎಂದೆ. "ಒತ್ತೇ. ಸುಮ್ನೆ ಮೇಲೆ ನಿಂತ್ರೆ ಆಗಲ್ಲ."

ಮತ್ತೆ ಬಂದಳು, ಮತ್ತೆ ಜಾರಿದಳು. ಹತ್ತಾರು ಸಲ. ಕೊನೆಗೆ ಕಣ್ಣು ಮುಚ್ಚಿಕೊಂಡಳು. ನಾನೇ ಮೌಸ್ ತೆಗೆದುಕೊಂಡು ಒತ್ತಿದೆ. "ನೀರು ಬೇಕು" ಎಂದು ನನ್ನ ಧ್ವನಿ ಹೇಳಿತು. ಪುಟ ಸರಿಯಾಗಿದೆ. ಕೆಟ್ಟಿರುವುದು ಪುಟವಲ್ಲ.

ಫೆಬ್ರವರಿ 9, ಭಾನುವಾರ

ಗುಬ್ಬಿ ತನಗೊಂದು ಸಾಲು ಬೇಕೆಂದು ಹಟ ಹಿಡಿದಳು. "ಅಮ್ಮ ಬರೀ ನೀರು, ಬಚ್ಚಲು ಅಂತಾಳಾ? ಅಮ್ಮ ಅಮ್ಮನ ಥರ ಮಾತಾಡೋದು ಬೇಡ್ವಾ?"

"ಮೊದಲು ನೀರು ಅನ್ನಲಿ. ಆಮೇಲೆ ನೋಡೋಣ," ಎಂದೆ.

ಕೇಳುವವಳೇ ಅವಳು? ಅಮ್ಮನ ಧ್ವನಿಯನ್ನು ಅಣಕಿಸುವುದರಲ್ಲಿ ಅವಳಿಗೆ ಚಿಕ್ಕಂದಿನಿಂದ ಕೈ ಪಳಗಿದೆ. ಫೋನಿನಲ್ಲಿ ನಾನೇ ಮೋಸಹೋಗಿದ್ದೇನೆ. ಅಮ್ಮನ ಥರ ನಾಲ್ಕು ಮಾತು ರೆಕಾರ್ಡ್ ಮಾಡಿ ತಂದು, ಪುಟದ ತಳದಲ್ಲಿ ನಾಲ್ಕನೆಯ ಸಾಲು ಹಾಕಿಸಿದಳು. "ಅಬ್ಬಬ್ಬಾ, ಏನು ದರ್ಬಾರು!" "ಅದನ್ನ ಅಲ್ಲೇ ಇಡಿ ಅಂದೆನಾ?" "ಗುಮ್ಮನಗುಸುಕ." ಈ ಮೂರನೆಯದು ನಾನು. ಮದುವೆಯಾದ ವಾರದಲ್ಲೇ ಇವಳು ಇಟ್ಟ ಹೆಸರು. ಕೇಳಿದ್ದಕ್ಕೆಲ್ಲ ಹ್ಞೂಂ ಎನ್ನುತ್ತೇನೆಂದು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಾನೊಮ್ಮೆ ಅಂದದ್ದಕ್ಕೆ, "ಹಾಗಾದ್ರೆ ನಿಮ್ಮ ಹತ್ರ ಬೇಕಾದಷ್ಟು ಬಂಗಾರ ಬಿದ್ದಿದೆ, ನಂಗೊಂದು ಜೊತೆ ಬಳೆ ಮಾಡ್ಸಿ," ಎಂದಿದ್ದಳು.

ನಾಲ್ಕನೆಯದು, "ಸಾಕು ಸುಮ್ನಿರಿ, ತಲೆ ತಿನ್ಬೇಡಿ." ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ್ದನ್ನೇ ಕೇಳುವ ಪ್ರಯಾಣಿಕರಿಗೆ ಇವಳು ಮೈಕ್ ಮುಚ್ಚಿಕೊಂಡು ಹೇಳುತ್ತಿದ್ದ ಮಾತು.

"ಇದು ನಿಂಗಂತೂ ಉಪಯೋಗಕ್ಕೆ ಬರಲ್ಲ ಬಿಡು ಅಪ್ಪ," ಎಂದಳು ಗುಬ್ಬಿ. "ನೀನು ಮಾತಾಡಿದ್ರೆ ತಾನೆ ಯಾರಾದ್ರೂ ಸುಮ್ನಿರು ಅನ್ನೋದು?"

ಅವಳು ಕಾಲೇಜಿನ ಪಾಠ ಓದಿಕೊಳ್ಳಲು ಕೂತ ಮೇಲೆ ಆ ಸಾಲನ್ನು ಅಳಿಸಬೇಕೆಂದಿದ್ದೆ. ಅಳಿಸಲಿಲ್ಲ. ಆ ಧ್ವನಿಯನ್ನು ಇನ್ನೊಮ್ಮೆ ಕೇಳಿಸಿಕೊಂಡು ಮುಚ್ಚಿಟ್ಟೆ.

ಫೆಬ್ರವರಿ 12, ಬುಧವಾರ

ಆಫೀಸಿನಲ್ಲಿ ತಲೆನೋವು. ನಾವು ಬರೆದದ್ದರಲ್ಲಿ ತಪ್ಪು ಹುಡುಕಲೆಂದೇ ಒಬ್ಬರಿದ್ದಾರೆ, ಅವರ ಬೆನ್ನ ಹಿಂದೆ ಎಲ್ಲರೂ ಕ್ಯಾತೆ ಮೇಡಂ ಎನ್ನುತ್ತಾರೆ. ಒಂದು ಕ್ಯಾತೆ ತೆಗೆಯದೆ ಅವರಿಗೆ ಮಧ್ಯಾಹ್ನದ ಊಟ ಇಳಿಯುವುದಿಲ್ಲ. ಇವತ್ತು ಸೀಟಿನ ಪುಟದ ಮೇಲೆ ಬಂದರು.

"ಸರ್, ಒಂದು ಸೀಟಿನ ಮೇಲೆ ಒತ್ತಿ, ಬೆರಳು ಎತ್ತೋದ್ರೊಳಗೆ ಮೌಸ್ ಪಕ್ಕದ ಸೀಟಿಗೆ ಜಾರಿದ್ರೆ, ಏನೂ ಆಗ್ತಾ ಇಲ್ಲ. ಕ್ಲಿಕ್ಕು ಗಾಳಿಗೆ ಹೋಗುತ್ತೆ."

"ಹಾಗೆ ಯಾರು ಒತ್ತುತ್ತಾರೆ ಮೇಡಂ?"

"ಯಾರೋ ಒತ್ತುತ್ತಾರೆ ಸರ್. ಎಲ್ಲರ ಕೈಯೂ ನಿಮ್ಮ ಕೈ ಥರ ಇರುತ್ತಾ?"

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಇದು ಬಳಸುವವರ ತಪ್ಪು, ತಿದ್ದುವ ಅಗತ್ಯವಿಲ್ಲ ಎಂದು ಷರಾ ಬರೆದು ಆ ದೂರನ್ನು ಮುಚ್ಚಿದೆ. ಮೇಡಂ ಏನೂ ಅನ್ನದೆ ಹೋದರು. ಅವರು ಏನೂ ಅನ್ನದೆ ಹೋದರೆ ಮತ್ತೆ ಬರುತ್ತಾರೆ ಎಂದೇ ಅರ್ಥ.

ಮನೆಯಲ್ಲಿ ಅದೇ ಕಥೆ. ಕೂರಿಸಿದೆ, ಪುಟ ತೆರೆದೆ, ಕಾದೆ. ಕೋಣನ ಮುಂದೆ ಕಿನ್ನರಿ.

ಫೆಬ್ರವರಿ 15, ಶನಿವಾರ

ಇವಳಕ್ಕ ಬೆಳಗಿನ ಬಸ್ಸಿಗೇ ಬಂದರು. ಒಳ್ಳೆಯ ಹೆಂಗಸು. ಬಂದವರೇ ಸೆರಗು ಕಟ್ಟಿ ಇವಳಿಗೆ ತಲೆಸ್ನಾನ ಮಾಡಿಸಿದರು, ಉಗುರು ಕತ್ತರಿಸಿದರು, ಬೆನ್ನಿಗೆ ಹುಣ್ಣಾಗದಂತೆ ಪೌಡರ್ ಹಾಕಿದರು. ಆಮೇಲೆ ಮಂಚದ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ನನ್ನನ್ನು ಕೂರಿಸಿಕೊಂಡರು.

"ನೋಡಿ, ನಾನು ಕಡ್ಡಿ ಮುರಿದ ಹಾಗೆ ಹೇಳ್ತೀನಿ. ಹೀಗೆ ಎಷ್ಟು ದಿನ? ನಿಮ್ಮ ನೌಕರಿ ಇದೆ, ಮಗು ಓದು ಇದೆ. ಅಲ್ಲಿ ಹಗಲೂ ರಾತ್ರಿ ನೋಡ್ಕೊಳ್ಳೋರು ಇರ್ತಾರೆ. ನಾನು ವಾರಕ್ಕೊಂದ್ಸಲ ಹೋಗಿ ಬರ್ತೀನಿ. ಪುಟ್ಟಿಗೂ ಒಳ್ಳೇದು." ಇವಳು ಅಕ್ಕನಿಗೆ ಇನ್ನೂ ಪುಟ್ಟಿ.

"ಹ್ಞೂಂ," ಎಂದೆ.

"ಅವಳಿಗೇನಾದ್ರೂ ಗೊತ್ತಾಗುತ್ತಾ? ನಿಜ ಹೇಳಿ."

ಪುಟ ತೆರೆದೇ ಇತ್ತು. ಇವಳ ಕೈ ಮೌಸಿನ ಮೇಲಿತ್ತು. ಬಾಣ ಮೂರನೆಯ ಸಾಲಿನ ಬಲಮೂಲೆಯಲ್ಲಿ ಕೂತಿತ್ತು. ಅಲ್ಲಿಂದ ಪಕ್ಕಕ್ಕೆ ಜಾರುವುದು, ಮತ್ತೆ ಮೂಲೆಗೆ ಬರುವುದು, ಮತ್ತೆ ಜಾರುವುದು. ಬಲ್ಬಿನ ಸುತ್ತ ಸುತ್ತುವ ಹುಳುವಿನ ಹಾಗೆ.

"ಏನೂ ಗೊತ್ತಾಗಲ್ಲ ಅಕ್ಕ," ಎಂದೆ. "ನಾನು ಎಲ್ಲಾ ಮಾಡಿ ನೋಡಿದೆ. ಸುಮ್ನೆ ಬಾಣ ಆಡಿಸ್ತಾ ಇರ್ತಾಳೆ. ಒಳಗೆ ಯಾರೂ ಇಲ್ಲ."

ಇಷ್ಟುದ್ದದ ಮಾತು ನಾನಾಡಿದ್ದೇ ಹೆಚ್ಚು. ಇವಳಕ್ಕ ಕಣ್ಣೊರೆಸಿಕೊಂಡರು. ತಿಂಗಳ ಕೊನೆಯ ಪರೀಕ್ಷೆ ಆಗಲಿ, ಆದ ಮೇಲೆ ಕರೆದುಕೊಂಡು ಹೋಗುವುದು ಎಂದು ನಿಶ್ಚಯವಾಯಿತು. ಇವಳು "ಆ" ಎಂದು ಸದ್ದು ಮಾಡಿದಳು. ಬಾಯಾರಿರಬೇಕೆಂದು ನೀರು ಕುಡಿಸಲು ಹೋದೆ. ಕುಡಿಯಲಿಲ್ಲ, ಕಟಬಾಯಿಯಿಂದ ಹರಿದುಹೋಯಿತು.

ಮನಸ್ಸಿಗೆ ಒಂಥರಾ ಹಗುರ ಎನಿಸಿತು. ಹಾಗೆನಿಸಿದ್ದಕ್ಕೆ ಹೇಸಿಗೆಯೂ ಆಯಿತು.

ಫೆಬ್ರವರಿ 16, ಭಾನುವಾರ

ಗುಬ್ಬಿ ಜೊತೆ ಜಗಳ. ಆರೈಕೆ ಕೇಂದ್ರದ ಸಂಗತಿ ತಿಳಿದು ಕುಣಿದುಬಿಟ್ಟಳು.

"ಅಮ್ಮ ಒತ್ತುತ್ತಾ ಇದ್ದಾಳೆ ಅಪ್ಪ! ನಂಗೆ ಮೌಸ್ ಸದ್ದು ಕೇಳಿಸಿದೆ."

"ಕೈ ನಡುಗಿ ಒತ್ತಿರುತ್ತೆ."

"ನೀನು ಸ್ಕ್ರೀನ್ ನೋಡ್ತೀಯ, ಅಮ್ಮನ್ನ ನೋಡಲ್ಲ."

"ಒತ್ತಿದ್ರೆ ಪುಟ ಮಾತಾಡ್ಬೇಕಿತ್ತು. ಮಾತಾಡಿಲ್ಲ ಅಂದ್ರೆ ಒತ್ತಿಲ್ಲ. ಅದರಲ್ಲಿ ತಪ್ಪಿಲ್ಲ, ನಾನು ಬರೆದಿರೋದು."

"ಹೌದಪ್ಪ, ನೀನು ಬರೆದಿರೋದು. ಶಿಲಾಶಾಸನ!" ಬಾಗಿಲು ಬಡಿದುಕೊಂಡು ಹೋದಳು. ಅಮ್ಮನೇ ಬಡಿದ ಹಾಗಿತ್ತು.

ಫೆಬ್ರವರಿ 19, ಬುಧವಾರ

ಏನೂ ಇಲ್ಲ. ಲ್ಯಾಪ್‌ಟಾಪ್ ತೆರೆಯಲಿಲ್ಲ. ಇವಳೂ ಕಣ್ಣು ತೆರೆಯಲಿಲ್ಲ.

ಫೆಬ್ರವರಿ 20, ಗುರುವಾರ

ಇವತ್ತು ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಗುಬ್ಬಿ ಕಾಲೇಜಿಗೆ ಹೋಗುವ ಮುಂಚೆ ನನ್ನ ಮೇಲಿನ ಸಿಟ್ಟಿಗೆ ತಾನೇ ಪುಟ ತೆರೆದು ಅಮ್ಮನ ಕೈಗೆ ಮೌಸ್ ಕೊಟ್ಟು ಹೋಗಿದ್ದಳು. ನಾನು ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ಹೊದಿಕೆ ಮಡಿಸುತ್ತಿದ್ದೆ. ಬೀದಿಯಲ್ಲಿ ಸದ್ದಿರಲಿಲ್ಲ. ಹಿಂದಿನಿಂದ ಒಂದು ಸಣ್ಣ "ಟಿ" ಕೇಳಿಸಿತು. ಉಸಿರೆಳೆದು ಬಿಡುವಷ್ಟು ಹೊತ್ತಾದ ಮೇಲೆ "ಕ್".

ಮತ್ತೆ "ಟಿ". ಮತ್ತೆ ಅಷ್ಟೇ ಹೊತ್ತು. "ಕ್".

ನಾವು ಮೌಸ್ ಒತ್ತಿದರೆ ಟಿಕ್ ಎಂದು ಒಂದೇ ಸದ್ದು. ಇವಳದು ಎರಡಾಗಿ ಕೇಳಿಸುತ್ತಿತ್ತು. ಒತ್ತುವುದೊಂದು, ಬಿಡುವುದೊಂದು. ಬೆರಳನ್ನು ಕೆಳಗೆ ತಳ್ಳಲು ಇವಳಿಗಿರುವ ಶಕ್ತಿಯೆಲ್ಲ ಬೇಕು, ಮೇಲೆತ್ತಲು ಇನ್ನಷ್ಟು ಬೇಕು. ತಿರುಗಿ ನೋಡಿದೆ. ಪರದೆಯನ್ನಲ್ಲ, ಕೈಯನ್ನು. ತೋರುಬೆರಳು ಕೆಳಗೆ ಒತ್ತಿಕೊಂಡೇ ಇತ್ತು, ಮುಂಗೈ ಇಡಿಯಾಗಿ ಎಡಕ್ಕೆ ಜರುಗುತ್ತಿತ್ತು, ಆಮೇಲೆ ಬೆರಳು ಎದ್ದಿತು. ಒತ್ತಿದ್ದು ಒಂದು ಚೌಕದಲ್ಲಿ, ಬಿಟ್ಟದ್ದು ಪಕ್ಕದ ಚೌಕದಲ್ಲಿ.

ಹೊದಿಕೆ ಕೈಯಿಂದ ಬಿತ್ತು. ಕ್ಯಾತೆ ಮೇಡಂ ಹೇಳಿದ್ದು ಅಕ್ಷರ ಅಕ್ಷರ ಇದನ್ನೇ. ಒತ್ತಿದ ಜಾಗ ಒಂದು, ಬಿಟ್ಟ ಜಾಗ ಇನ್ನೊಂದಾದರೆ ಆ ಕ್ಲಿಕ್ಕು ಎರಡು ಚೌಕಗಳಿಗೂ ಸೇರುವುದಿಲ್ಲ. ಎರಡಕ್ಕೂ ಮೇಲಿನವರ್ಯಾರೋ ಅವರ ಹೆಸರಿಗೆ ಹೋಗುತ್ತದೆ, ಎಂದರೆ ಸಾಲಿನ ಹೆಸರಿಗೆ. ಎಲ್ಲಿಂದ ಬಂದೆ ಎಂದು ನನ್ನ ಕಾವಲುಗಾರ ಕೇಳುತ್ತಾನೆ. ಸಾಲಿನಿಂದ ಎನ್ನುತ್ತದೆ. ಚೌಕವಲ್ಲ, ವಾಪಸ್ ಹೋಗು. ಎರಡು ವಾರದಿಂದ ಇವಳು ಬಾಗಿಲು ಬಡಿಯುತ್ತಲೇ ಇದ್ದಾಳೆ, ನಾನಿಟ್ಟ ಕಾವಲುಗಾರ ಅಟ್ಟುತ್ತಲೇ ಇದ್ದಾನೆ. ನೆಲ ನಿಜವಾಗಿಯೂ ಡೊಂಕಾಗಿತ್ತು. ಹಾಸಿದವನು ನಾನು.

ಅಲ್ಲೇ ಮಂಚದ ತುದಿಯಲ್ಲಿ ಕೂತು ತಿದ್ದಿದೆ. ಪೂರ್ತಿ ಕ್ಲಿಕ್ಕಿಗೆ ಕಾಯಬೇಡ, ಬೆರಳು ಎಲ್ಲಿ ಕೆಳಗಿಳಿಯಿತೋ ಆ ಚೌಕವನ್ನೇ ಹಿಡಿ, ಎಲ್ಲಿ ಬಿಟ್ಟರೂ ಚಿಂತೆಯಿಲ್ಲ. ನಾಲ್ಕು ಸಾಲಿನ ಕೆಲಸ. ಪುಟ ಮತ್ತೆ ತೆರೆದು ಇವಳ ಕೈಗೆ ಮೌಸ್ ಕೊಟ್ಟೆ. ಏನು ಕೇಳಬೇಕೆಂದೇ ತೋಚಲಿಲ್ಲ.

"ನೀರು ಬೇಕಾ?" ಎಂದೆ.

ಬಾಣ ಮೂಲೆಗೆ ಹೋಯಿತು. ಟಿ. "ಬೇಡ" ಎಂದಿತು ಪುಟ. ನನ್ನದೇ ಧ್ವನಿ, ಸಪ್ಪಗೆ.

ನನಗೆ ಅಳುವೋ ನಗುವೋ ಏನೋ ಬಂತು. "ಊಟ?" ಬೇಡ. "ಬೆನ್ನು ನೋಯ್ತಿದ್ಯಾ?" ಬಾಣ ಉದ್ದಕ್ಕೂ ತೆವಳಿ ಆ ತುದಿಗೆ ಹೋಯಿತು. ಹೌದು. ದಿಂಬು ಸರಿಮಾಡಿದೆ. ಆಮೇಲೆ ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

"ಅಕ್ಕ ಹೇಳಿದ ಜಾಗಕ್ಕೆ ಹೋಗ್ತೀಯಾ?"

ಬೇಡ. ಬೇಡ. ಬೇಡ. ನಾನು ತಡೆಯುವವರೆಗೂ ಒತ್ತಿದಳು. ಶನಿವಾರ ಬಾಣ ಆ ಮೂಲೆಯಲ್ಲಿ ಸುತ್ತುತ್ತಿದ್ದದ್ದು ಏಕೆಂದು ಆಗ ಗೊತ್ತಾಯಿತು. ನಾವಿಬ್ಬರೂ ಅವಳ ತಲೆಯ ಮೇಲೆ ಮಾತಾಡಿಕೊಳ್ಳುತ್ತಿದ್ದ ಅಷ್ಟು ಹೊತ್ತೂ ಬೇಡ ಎನ್ನುತ್ತಲೇ ಇದ್ದಳು.

"ನಾನು ಅವತ್ತು ಹೇಳಿದ್ದು, ಒಳಗೆ ಯಾರೂ ಇಲ್ಲ ಅಂತ... ಅದು ಕೇಳಿಸ್ತಾ?"

ಬಾಣ ಎಡತುದಿಗೆ ಹೋಯಿತು. ಹೌದು.

"ನಾನಿಲ್ಲಿ ಕೂತಿರ್ಲಾ?"

ಬೇಡ.

ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಎದುರುಮನೆಯವರು ಹಾಲಿನ ಪಾತ್ರೆ ಹಿಡಿದು ಮೇಲೆ ಹತ್ತುತ್ತಿದ್ದವರು, "ಏನಾಯ್ತು, ಮನೇಲಿ ಹುಷಾರಾ?" ಎಂದರು. "ಮಾತಾಡಿದ್ಲು," ಎಂದೆ. ಅಷ್ಟು ಹೇಳುವಷ್ಟರಲ್ಲಿ ಗೊಳೋ ಎಂದು ಅತ್ತುಬಿಟ್ಟೆ. ಮಾನ ಹೋಯಿತು. ಹೋಗಲಿ.

ಫೆಬ್ರವರಿ 21, ಶುಕ್ರವಾರ

ಇವಳದು ಗುಬ್ಬಿಯ ಜೊತೆ ಬೆಳಗಿನಿಂದ ಮಾತು. ಅಬ್ಬಬ್ಬಾ ಏನು ದರ್ಬಾರು, ಅದನ್ನ ಅಲ್ಲೇ ಇಡಿ ಅಂದೆನಾ, ಇವೇ ತಿರುಗಾಮುರುಗಾ. ಗುಬ್ಬಿ ಅತ್ತು ನಕ್ಕು ಕುಣಿದಳು. ನಾನು ಕೋಣೆಗೆ ಬಂದರೆ ಬಾಣ ನಿಂತುಬಿಡುತ್ತದೆ. ಏನು ಕೇಳಿದರೂ ಬೇಡ. ನನ್ನ ಧ್ವನಿಯಲ್ಲೇ ನನಗೆ ಬೇಡ ಎನ್ನಿಸಿಕೊಳ್ಳುವುದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ವಾಸಿ.

ಹೋಗದೆ ಕೂತೆ. ಸುಮ್ಮನೆ ಕೂರುವುದು ಹೇಗೆಂದು ತಿಳಿಯದೆ ಪುಟದಲ್ಲಿ ಏನು ತಪ್ಪಾಗಿತ್ತು ಎಂದು ಮೊದಲಿನಿಂದ ಹೇಳಿದೆ. ಕಾವಲುಗಾರನ ಕಥೆ, ಸಾಲಿನ ಕಥೆ, ಕ್ಯಾತೆ ಮೇಡಂ ಕಥೆ. ಇವಳು ಗೋಡೆ ನೋಡುತ್ತಿದ್ದಳು. "ತಪ್ಪು ಪುಟದ್ದಲ್ಲ, ನಂದು," ಎಂದೆ. ಆಗಲೂ ಗೋಡೆಯನ್ನೇ ನೋಡುತ್ತಿದ್ದಳು. ಹೇಳುವುದಿತ್ತು, ಹೇಳಿದೆ.

ಫೆಬ್ರವರಿ 23, ಭಾನುವಾರ

ಇವಳಕ್ಕ ಬಂದರು. ನಾನು ಫೋನಿನಲ್ಲಿ ಹೇಳಿದ್ದನ್ನು ಅವರು ನಂಬಿರಲಿಲ್ಲ. "ನೀವು ಆಸೆಗೆ ಹಾಗಂತೀರಿ," ಎಂದರು.

"ಅವಳನ್ನೇ ಕೇಳಿ ಅಕ್ಕ. ನನ್ನ ಮಾತು ಬಿಡಿ."

ಅವರು ಮುಖದ ಹತ್ತಿರ ಮುಖ ತಂದು, "ಪುಟ್ಟಿ, ನಾನಂದಿದ್ದು ಕೇಳಿಸ್ತೇನೇ ಅವತ್ತು?" ಎಂದರು. ಹೌದು. "ನಂಜೊತೆ ಬರ್ತೀಯೇನೇ?" ಬೇಡ. "ಇಲ್ಲೇ ಇರ್ತೀಯಾ?" ಬಾಣ ನಡುವೆ ನಿಂತಿತು. ನನ್ನ ಮುಖ ನೋಡಿದಳು. ಗೊತ್ತಿಲ್ಲ, ಎಂದಿತು ಪುಟ.

ಇವಳಕ್ಕ ತಂಗಿಯನ್ನು ತಬ್ಬಿಕೊಂಡು ಅತ್ತರು. "ಗೊತ್ತಿಲ್ಲ" ಎಂಬ ಆ ಚೌಕವನ್ನೂ ನಾನೇ ಇಟ್ಟದ್ದು.

ಫೆಬ್ರವರಿ 28, ಶುಕ್ರವಾರ

ಪರೀಕ್ಷೆ ಆಯಿತು. ಥೆರಪಿ ಮೇಡಂ ನಮ್ಮನ್ನು ಹೊರಗೆ ಕಳಿಸಿ ಒಬ್ಬರೇ ಕೂತು ಕೇಳಿದರು. ಮುಚ್ಚಿದ ಬಾಗಿಲ ಹೊರಗೆ ನಿಂತು, ಒಳಗಿನಿಂದ ನನ್ನದೇ ಧ್ವನಿ ಆಗಾಗ ಉತ್ತರ ಕೊಡುವುದನ್ನು ಕೇಳಿಸಿಕೊಂಡೆ. ಸರಿಯೋ ತಪ್ಪೋ ಗೊತ್ತಾಗಲಿಲ್ಲ, ಪ್ರಶ್ನೆ ಕೇಳಿಸುತ್ತಿರಲಿಲ್ಲ.

"ಸಣ್ಣ ಮಾತೆಲ್ಲಾ ಅರ್ಥ ಆಗುತ್ತೆ," ಎಂದರು ಮೇಡಂ. "ಉದ್ದದ್ದರಲ್ಲಿ ಎಡವುತ್ತಾರೆ. ಸುಸ್ತಾದ್ರೆ ಚಳಿ ಸೆಕೆ ಎರಡೂ ಒಂದೇ ಆಗ್ಬಿಡುತ್ತೆ. ಬಾಯಲ್ಲಿ ಮಾತು ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ ಸರ್. ಆದ್ರೆ ಥೆರಪಿ ನಿಲ್ಲಿಸೋ ಪ್ರಶ್ನೆ ಇಲ್ಲ."

ಗಾಡಿಯಲ್ಲಿ ಕೂರಿಸುವಾಗ, "ಮನೆಗೆ ಹೋಗೋಣ್ವಾ?" ಎಂದೆ. ಲ್ಯಾಪ್‌ಟಾಪು ಚೀಲದಲ್ಲಿತ್ತು. ಕೇಳಿದ ಮೇಲೆ ಉತ್ತರಕ್ಕೆ ಜಾಗ ಕೊಡಬೇಕು. ಗಾಡಿಯವನು ಗೊಣಗುತ್ತಿದ್ದರೂ ಹೊರತೆಗೆದು, ತೊಡೆಯ ಮೇಲಿಟ್ಟು, ತೆರೆದು, ಕಾದೆ. ಹೌದು.

ಮಾರ್ಚ್ 4, ಮಂಗಳವಾರ

ಸೀಟಿನ ಪುಟವನ್ನೂ ತಿದ್ದಿದೆ. ದೂರನ್ನು ಮತ್ತೆ ತೆರೆದು, ತಪ್ಪು ನಮ್ಮದೇ ಎಂದು ಬರೆದೆ. ಕ್ಯಾತೆ ಮೇಡಂ ನನ್ನ ಮೇಜಿಗೆ ಬಂದು, "ಸೂರ್ಯ ಯಾವ ಕಡೆ ಹುಟ್ಟಿದ ಸರ್ ಇವತ್ತು?" ಎಂದರು. ಅವರಿಗೆ ನಡೆದದ್ದೆಲ್ಲ ಹೇಳಿದೆ. ಕೇಳಿಸಿಕೊಂಡು ಹೋಗಿ ತಮ್ಮ ತಾಯಿಗೆ ಫೋನ್ ಮಾಡಿದರಂತೆ. ಆಮೇಲೆ ಪಕ್ಕದ ಮೇಜಿನವನಿಗೂ ಹೇಳಿದೆ. ಲಿಫ್ಟಿನವನಿಗೂ ಹೇಳಿದೆ.

ಇವಳು ಈಗ ನನಗೂ ಉತ್ತರ ಕೊಡುತ್ತಾಳೆ. ನೀರು, ನೋವು, ಬೆಳಕು, ಅಷ್ಟೇ. ಗುಬ್ಬಿಯ ಸಾಲನ್ನು ನನ್ನೆದುರು ಮುಟ್ಟುವುದಿಲ್ಲ. ಸಿಟ್ಟು ಇಳಿದಿಲ್ಲ. ಇಳಿಯಬೇಕೆಂದು ನಾನು ಯಾವ ಬಾಯಲ್ಲಿ ಕೇಳಲಿ?

ಗಂಟಲು ಕಟ್ಟಿದೆ. ಹವೆ ಬದಲಾಗಿದ್ದಕ್ಕಿರಬೇಕು.

ಮಾರ್ಚ್ 9, ಭಾನುವಾರ

ಗಂಟಲು ಇನ್ನೂ ಸರಿಹೋಗಿಲ್ಲ. ಗುಬ್ಬಿ ಬಿಸಿನೀರು ಕೊಟ್ಟು ನಗುತ್ತಾಳೆ, ಯಾಕೆಂದರೆ ಹೇಳುವುದಿಲ್ಲ.

ಮಧ್ಯಾಹ್ನ ಇವಳಿಗೆ ಊಟ ಮಾಡಿಸುತ್ತಾ ಕೂತಿದ್ದೆ. ಎದುರುಮನೆಯವರ ನಲ್ಲಿ ಕೆಟ್ಟು ನೀರು ಮೆಟ್ಟಿಲಿಗೆ ಹರಿದದ್ದು, ಅದನ್ನು ಸರಿಮಾಡಲು ಬಂದವನು ತಪ್ಪು ತಿರುಪು ತಿರುಗಿಸಿ ತಾನೇ ನೆನೆದದ್ದು, ಬಸ್ ನಿಲ್ದಾಣಕ್ಕೆ ಹೋಗಿದ್ದಾಗ ಇವಳ ಜಾಗದಲ್ಲಿ ಕೂತ ಹೊಸ ಹುಡುಗಿ ಎರಡು ಬಸ್ಸಿಗೆ ಒಂದೇ ಜಾಗ ಹೇಳಿ ಜನ ಅತ್ತಿಂದಿತ್ತ ಓಡಿದ್ದು, ಇದನ್ನೆಲ್ಲ ಹೇಳಿದೆ. ಆ ಹುಡುಗಿಗೆ ಮೈಕ್ ಹೇಗೆ ಹಿಡಿಯಬೇಕೆಂಬುದೂ ಗೊತ್ತಿಲ್ಲ ಎಂದೆ. ಅದಾದ ಮೇಲೆ ಪುಟಕ್ಕೆ ಇನ್ನೂ ಎರಡು ಸಾಲು ಸೇರಿಸುವ ನನ್ನ ಯೋಜನೆಯನ್ನು ವಿವರಿಸುತ್ತಿದ್ದೆ. ಸಾಲು ಹೆಚ್ಚಿದರೆ ಚೌಕ ಚಿಕ್ಕದಾಗುತ್ತದೆ, ಚೌಕ ಚಿಕ್ಕದಾದರೆ ಬಾಣ ನಿಲ್ಲುವುದು ಕಷ್ಟ, ಅದಕ್ಕೆ ಒಂದು ಉಪಾಯವಿದೆ, ಏನೆಂದರೆ—

ಬಾಣ ಎಡಮೂಲೆಯಿಂದ ಹೊರಟಿತು. ಮೂರನೆಯ ಸಾಲು ದಾಟಿ ಕೆಳಗಿಳಿದು ಗುಬ್ಬಿಯ ಸಾಲಿಗೆ ಬಂತು. ಕೈಯಲ್ಲಿದ್ದ ಚಮಚ ಹಾಗೇ ಹಿಡಿದು ನೋಡುತ್ತಿದ್ದೆ. ಆ ತುದಿಯವರೆಗೂ ತೆವಳಿ ನಿಂತಿತು. ಟಿ.

"ಸಾಕು ಸುಮ್ನಿರಿ, ತಲೆ ತಿನ್ಬೇಡಿ."

ಕೋಣೆಯ ತುಂಬ ಇವಳದೇ ಧ್ವನಿ, ಮೈಕ್ ಮುಚ್ಚಿಕೊಂಡು ಹೇಳುತ್ತಿದ್ದ ಅದೇ ಧಾಟಿ. ಬೆರಳು ಎಡಕ್ಕೆ ಜಾರಿ ಮೇಲೆದ್ದಿತು. ಕ್. ಇವಳ ಎಡಗಡೆಯ ತುಟಿ ಸೊಟ್ಟಗೆ ಮೇಲೆ ಹೋಗಿತ್ತು.

ಅಡುಗೆಮನೆಯಲ್ಲಿ ಗುಬ್ಬಿ ಕಿಟಾರನೆ ಕಿರುಚಿದಳು. ನಾನು ಚಮಚ ಕೆಳಗಿಟ್ಟು ಕಣ್ಣೊರೆಸಿಕೊಂಡು ಸುಮ್ಮನಾದೆ. ಆದರೆ ಒಂದು ಮಾತು ಇಲ್ಲಿ ಬರೆದಿಡಬೇಕು. ನನಗೆ ಯಾಕೆ ಹಾಗಂದಳೋ ಅರ್ಥವಾಗಲಿಲ್ಲ. ನಾನೇನು ಅಷ್ಟೊಂದು ಮಾತಾಡುವವನಲ್ಲ.